ಅಕ್ಕಿಯಲ್ಲಿ ಬರೆದ ಹೆಸರು

ಗಜೇಂದ್ರಗಡದ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ತೀರಿಕೊಂಡ ದಿನವೊಂದನ್ನು ಬಿಟ್ಟರೆ ಅದು ಸಂತೆಯ ದಿನ ಎಂದೂ ಬಾಗಿಲು ಮುಚ್ಚಿದ್ದಿಲ್ಲ. ಅಂಥ ಅಂಗಡಿಯ ಬಾಗಿಲಿಗೆ ನಾನು ಸಂತೆಯ ಹಿಂದಿನ ದಿನ ಒಂದು ರಟ್ಟು ತೂಗುಹಾಕಿದೆ. "ನಾಳೆ ಮನೆಯವರ ಪದವಿ ಸಮಾರಂಭ. ಅಂಗಡಿ ಬಂದ್." ಅಕ್ಷರಗಳನ್ನು ಎಷ್ಟು ದಪ್ಪ ಬರೆದಿದ್ದೆನೆಂದರೆ ಎದುರಿನ ಪಾತ್ರೆ ಅಂಗಡಿಯವರು ಕನ್ನಡಕ ಹಾಕಿಕೊಳ್ಳದೆ ಓದಿದರು. ಓದಲಿ ಎಂದೇ ಬರೆದದ್ದು. ಆ ದಿನವಿಡೀ ಬಂದ್ ಎಂಬ ರಟ್ಟಿನ ಕೆಳಗೇ ಕೂತು ವ್ಯಾಪಾರ ಮಾಡಿದೆ. ಬಂದವರೆಲ್ಲ ಯಾರ ಪದವಿ ಎಂದು ಕೇಳಲೇಬೇಕು, ನಾನು ಹೇಳಲೇಬೇಕು. ಅಸೂಟಿಯಿಂದ ಬಂದ ಒಬ್ಬ ಹೆಣ್ಣುಮಗಳು ಸೀರೆಯ ಬಣ್ಣ ಹೋಗುತ್ತದೆಯೇ ಎಂದು ಕೇಳಿದಳು. ನಮ್ಮ ಮನೆಯವರು ಬಿ.ಎ. ಆದರು, ಫಸ್ಟ್ ಕ್ಲಾಸ್ ಎಂದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಬಣ್ಣದ ವಿಷಯವನ್ನು ಇನ್ನೊಮ್ಮೆ ಕೇಳಿದಳು.

ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಸುಳ್ಳು ಯಾಕೆ ಹೇಳಲಿ? ಹೊಸ ಜಾಕೀಟು ಹೊಲಿಸಿದ್ದೆ. ಅಳತೆ ತೆಗೆದುಕೊಳ್ಳುವಾಗ ದರ್ಜಿ ಯಾರ ಮದುವೆ ಎಂದು ಕೇಳಿದ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದ ಮೇಲೆ ಹೆಂಡತಿಗಾಗಿ ಜಾಕೀಟು ಹೊಲಿಸುವ ಗಂಡಸನ್ನು ಅವನು ನೋಡಿರಲಿಲ್ಲವಂತೆ. ಪಾತ್ರೆ ಅಂಗಡಿಯವರಂತೂ, ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದ್ನಂತ ಎಂದು ನನಗೆ ಕೇಳುವ ಹಾಗೆಯೇ ಅಂದರು. ಬೇರೆ ದಿನವಾಗಿದ್ದರೆ ಅಂಗಡಿಯಿಂದ ಇಳಿದು ಹೋಗಿ ಜಗಳ ತೆಗೆಯುತ್ತಿದ್ದೆ. ನನ್ನ ಸಿಟ್ಟು ಪೇಟೆಗೆಲ್ಲ ಗೊತ್ತು. ಆ ದಿನ ಅವರಿಗೆ ಚಹಾ ತರಿಸಿಕೊಟ್ಟೆ.

ಇಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಆದರೆ ಈ ಕಥೆಯೆಲ್ಲ ಒಂದು ಹೆಸರಿನದೇ. ನನ್ನ ಹೆಂಡತಿಯ ತವರು ಸವಡಿ. ಅಲ್ಲಿ ಅವಳಿಗೆ ಇಟ್ಟ ಹೆಸರು, ಶಾಲೆಯಲ್ಲಿ ಬರೆಸಿದ ಹೆಸರು, ನನ್ನ ಅವ್ವನ ಹೆಸರೇ. ಹೆಣ್ಣು ನೋಡಲು ಹೋದ ದಿನವೇ ಅವ್ವ ಇದನ್ನು ಎತ್ತಿದ್ದಳು. ಒಂದು ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಆಗಬಾರದು, ಮಗ ಹೆಂಡತಿಯನ್ನು ಕರೆದರೆ ತಾಯಿಯ ಹೆಸರು ಹಿಡಿದು ಕರೆದಂತೆ ಆಗುತ್ತದೆ, ಬೈದರೆ ಇನ್ನೂ ಕೆಟ್ಟದು. ಮಾತು ಸರಿಯೇ ಇತ್ತು, ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಮದುವೆಯಾಗಿ ಮನೆ ತುಂಬಿಸಿಕೊಂಡ ದಿನ ಹಿತ್ತಾಳೆಯ ಅಗಲ ಪರಾತದಲ್ಲಿ ಅಕ್ಕಿ ಹರವಿದರು. ಅವ್ವ ಆರಿಸಿದ ಹೊಸ ಹೆಸರನ್ನು ನಾನೇ ನನ್ನ ಉಂಗುರದಿಂದ ಆ ಅಕ್ಕಿಯಲ್ಲಿ ಬರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬರೆಯುವ ಮೊದಲು ಅವಳನ್ನು ಕೇಳಿದಿರಾ ಎಂದರೆ, ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಆಗ ಅವಳಿಗೆ ಹತ್ತೊಂಬತ್ತು. ಪಿ.ಯು.ಸಿ. ಪಾಸಾಗಿದ್ದಳು. ಮುಂದೆ ಓದಿಸುತ್ತೇವೆ ಎಂದು ನಾವು ಮಾತು ಕೊಟ್ಟಿದ್ದೆವು. ಆ 'ಮುಂದೆ' ಬರಲು ಇಪ್ಪತ್ತೊಂದು ವರ್ಷ ಹಿಡಿಯಿತು.

ಹೆಂಗಸರಿಗೆ ಬಸ್ಸು ಫ್ರೀ ಆದ ವರ್ಷ ಅವಳು ಒಂದು ಬೆಳಿಗ್ಗೆ ಚಹಾ ಕೊಡುತ್ತ, ರೋಣದ ಕಾಲೇಜಿಗೆ ಹೆಸರು ಹಚ್ಚುತ್ತೇನೆ ಎಂದಳು. ಕೇಳಲಿಲ್ಲ, ಹೇಳಿದಳು. ಮಗಳು ನರಗುಂದದಲ್ಲಿ ಡಿಪ್ಲೊಮಾ ಓದಲು ಹಾಸ್ಟೆಲ್ಲಿಗೆ ಹೋಗಿದ್ದಳು, ಮನೆ ಖಾಲಿ ಹೊಡೆಯುತ್ತಿತ್ತು. ಊರಿನ ಕಾಲೇಜು ಯಾಕೆ ಬೇಡ ಎಂದರೆ, ನಮ್ಮ ಗಿರಾಕಿಗಳ ಮಕ್ಕಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂಡಲು ಆಗುವುದಿಲ್ಲವಂತೆ. ಅವ್ವ ಎರಡು ದಿನ ಗೊಣಗಿದಳು. ಮೂರನೆಯ ದಿನ ನಸುಕಿನಲ್ಲೇ ಎದ್ದು, ಸೊಸೆಗಿಂತ ಮೊದಲು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಸಿಟ್ಟಿನಿಂದ ಬಡಿಯುತ್ತಿದ್ದಾಳೆ ಎಂದು ಓಣಿಯವರು ತಿಳಿದರು, ನಾನೂ ಹಾಗೇ ತಿಳಿದೆ. ಮೂರು ವರ್ಷ ಒಂದು ದಿನ ತಪ್ಪಿಸದೆ ಬಡಿದಳು.

ಕಾಲೇಜಿನ ಮೊದಲ ದಿನ ಸಂಜೆ ಹೆಂಡತಿ ಬಸ್ಸಿಳಿದು ಮನೆಗೆ ಹೋಗದೆ ಸೀದಾ ಅಂಗಡಿಗೆ ಬಂದಳು. ಗಿರಾಕಿ ಇರಲಿಲ್ಲ. ಗಾದಿಯ ತುದಿಗೆ ಕೂತು ನೀರು ಕುಡಿದು, ಹಾಜರಿ ಹಿಡಿಯುವಾಗ ತನ್ನ ಹೆಸರು ಕೂಗಿದರೆಂದು ಹೇಳಿದಳು. ದಾಖಲೆಯಲ್ಲಿರುವುದು ಶಾಲೆಯ ಹೆಸರು ತಾನೇ, ಅದನ್ನೇ ಕೂಗಿದರು. ಇವಳು ಸುಮ್ಮನೆ ಕೂತಿದ್ದಳಂತೆ. ಎರಡನೆಯ ಸಲ ಕೂಗಿದಾಗಲೂ, ಪಾಪ ಯಾರೋ ಮೊದಲ ದಿನವೇ ತಪ್ಪಿಸಿದ್ದಾರೆ ಎಂದುಕೊಂಡಳಂತೆ. ಮೂರನೆಯ ಸಲಕ್ಕೆ ಅದು ತಾನೇ ಎಂದು ನೆನಪಾಯಿತು. ಹೇಳಿ ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಮಾತ್ರ ನನಗೆ ಲೆಕ್ಕ ಬರೆಯಲು ಮನಸ್ಸಾಗಲಿಲ್ಲ.

ಸಮಾರಂಭಕ್ಕೆ ಎರಡು ದಿನ ಇರುವಾಗ ಅವಳು ನನ್ನಲ್ಲಿ ಒಂದನ್ನು ಬೇಡಿದಳು. ಮದುವೆಯಾದಂದಿನಿಂದ ನನ್ನಲ್ಲಿ ಏನನ್ನೂ ಬೇಡದವಳು. ಕಾಲೇಜಿನಲ್ಲಿ ತಾಲೀಮು ನಡೆದಿತ್ತಂತೆ. ಒಬ್ಬೊಬ್ಬರ ಹೆಸರು ಕರೆದಾಗ ಅವರ ಗೆಳತಿಯರು ಹೋ ಎಂದು ಆ ಹೆಸರನ್ನೇ ಕೂಗುತ್ತಿದ್ದರಂತೆ. ಇವಳನ್ನು ಹುಡುಗಿಯರೆಲ್ಲ ಅಕ್ಕಾರು ಎನ್ನುತ್ತಾರೆ, ಹೆಸರು ಹಿಡಿದು ಕೂಗುವವರು ಯಾರು?

"ನನ್ನ ಹೆಸರ ಒದರಾಕ ಅಲ್ಲಿ ಯಾರೂ ಇಲ್ರಿ. ನೀವು ಒಮ್ಮಿ ಕರೀರಿ. ಸಾಲಿ ಹೆಸರ್ಲೆ ಕರೀಬೇಕು ಮತ್ತ," ಎಂದಳು.

ಇಷ್ಟೇ ಅಲ್ಲವೇ ಎಂದೆ. ಒಮ್ಮೆ ಅಲ್ಲ, ಹತ್ತು ಸಲ ಕರೆಯುತ್ತೇನೆ, ನಮ್ಮೂರ ಕೋಟೆಯ ಗುಡ್ಡಕ್ಕೆ ಬಡಿದು ವಾಪಸ್ ಬರಬೇಕು ಎಂದೆ. ಸಂತೆಯ ಗದ್ದಲದಲ್ಲಿ ಗಿರಾಕಿಯನ್ನು ಕರೆದು ಬೆಳೆದ ಗಂಟಲು ನನ್ನದು. ಅವಳು ಎಷ್ಟು ಖುಷಿಪಟ್ಟಳೆಂದರೆ, ಆ ಸಂಜೆ ಬೆಲ್ಲ ಹಾಕಿ ಸಜ್ಜಕ ಮಾಡಿದಳು.

ಮಾತು ಕೊಡುವಾಗ ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಮನೆಯವರಿಗೆಂದು ಕೊಟ್ಟಿದ್ದ ಪಾಸು ಎರಡು. ಮಗಳಿಗೆ ಪರೀಕ್ಷೆ ಇತ್ತು, ಬರುವಂತಿರಲಿಲ್ಲ. ಎಲ್ಲವನ್ನೂ ವಿಡಿಯೋ ಮಾಡಬೇಕು, ಬೆರಳು ಅಡ್ಡ ಹಿಡಿಯಬಾರದು ಎಂದು ಫೋನಿನಲ್ಲೇ ನನಗೆ ಕಟ್ಟಪ್ಪಣೆ ಮಾಡಿದ್ದಳು. ಉಳಿದ ಇನ್ನೊಂದು ಪಾಸನ್ನು ಅವ್ವ ಎತ್ತಿ ತನ್ನ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ತಾನು ಬರುವುದಾಗಿ ಯಾರಿಗೂ ಹೇಳಲೂ ಇಲ್ಲ. ಆಗ ನನ್ನ ಹಿಗ್ಗಿನ ಹೀರೇಕಾಯಿ ಸ್ವಲ್ಪ ಬಾಡಿತು. ಪಕ್ಕದಲ್ಲಿ ಅವ್ವ ಕೂತಿರುವಾಗ, ತುಂಬಿದ ಸಭೆಯಲ್ಲಿ, ಅವ್ವನ ಹೆಸರನ್ನು ನಾನು ಗಂಟಲು ಹರಿಯುವಂತೆ ಒದರುವುದು ಹೇಗೆ? ನಮ್ಮ ಮನೆಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ ಒಬ್ಬನೇ ಮನುಷ್ಯ ಅಪ್ಪ. ಅವನೂ ಮದುವೆ ಮುಂಜಿಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ ಒಡಪು ಕಟ್ಟಿ, ಎರಡು ಸಾಲಿನ ನಡುವೆ ಹೆಸರನ್ನು ಹುದುಗಿಸಿ, ನಾಚಿಕೊಂಡು ಹೇಳುತ್ತಿದ್ದ. ಅಪ್ಪನ ನಂತರ ಅವಳನ್ನು ಎಲ್ಲರೂ ಅವ್ವ, ಆಯಿ, ಅತ್ತಿ ಎಂದೇ ಕರೆದರು. ಇನ್ನೊಂದು ಕಡೆ ಹೆಂಡತಿಗೆ ಮಾತು ಕೊಟ್ಟು ಸಜ್ಜಕವನ್ನೂ ಉಂಡು ಆಗಿತ್ತು.

ಮರುದಿನ ಅಂಗಡಿಯ ಒಳಕೋಣೆಯಲ್ಲಿ, ಗಂಟುಗಳ ನಡುವೆ ನಿಂತು, ಆ ಹೆಸರನ್ನು ಅಂದು ನೋಡಿದೆ. ಮೊದಲ ಅಕ್ಷರ ಬಂತು, ಉಳಿದದ್ದು ಗಂಟಲಲ್ಲೇ ಕೂತಿತು. ಇನ್ನೊಮ್ಮೆ ಪ್ರಯತ್ನಿಸಿದಾಗ ಕೆಮ್ಮು ಬಂತು. ನಲವತ್ತೆಂಟು ವರ್ಷದ ಗಂಡಸು ಕತ್ತಲ ಕೋಣೆಯಲ್ಲಿ ಸೀರೆಗಳಿಗೆ ತಾಯಿಯ ಹೆಸರು ಹೇಳಲು ಹೆದರುತ್ತಿದ್ದೇನಲ್ಲ ಎಂದು ನನಗೇ ನಗು ಬಂತು. ನಕ್ಕರೂ ಹೆಸರು ಬರಲಿಲ್ಲ.

ಸಮಾರಂಭದ ದಿನ ಹೆಂಡತಿ ಮೊದಲ ಬಸ್ಸಿಗೇ ಹೊರಟಳು. ಹೊರಡುವ ಮುನ್ನ ಅವ್ವ, ಗಂಡನಿಲ್ಲದವಳು ಉಡಿ ತುಂಬಬಾರದೆಂಬುದನ್ನು ಬದಿಗಿಟ್ಟು, ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಕಾಲೇಜಿನವರು ಕರಿ ನಿಲುವಂಗಿ ತೊಡಿಸುತ್ತಾರೆಂದು ಗೊತ್ತಾಗಿ ಅವ್ವನಿಗೆ ಅಸಮಾಧಾನವಾಗಿತ್ತು. ಶುಭಕಾರ್ಯಕ್ಕೆ ಮುತ್ತೈದೆಗೆ ಕರಿದು ಯಾಕೆ ಎಂದು ಕಾಲೇಜಿಗೆ ಹೋಗಿಯೇ ಕೇಳುವವಳಿದ್ದಳು. ಕೊನೆಗೆ ತಾನೇ ಒಂದು ದಾರಿ ಹುಡುಕಿದಳು. ಒಂದು ಅರಿಷಿಣ ಕೊಂಬನ್ನು ಹಸಿರು ಖಣದ ತುಂಡಿನಲ್ಲಿ ಕಟ್ಟಿ, ಅಂಗಿಯ ಒಳಗೆ ಯಾರಿಗೂ ಕಾಣದಂತೆ ಸಿಕ್ಕಿಸಿಕೊ ಎಂದು ಸೊಸೆಯ ಕೈಗಿತ್ತಳು. ಹೆಂಡತಿ ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನೆನಪಿದೆಯಲ್ಲ ಎಂದು ಅದರ ಅರ್ಥ. ನಾನು ದೊಡ್ಡದಾಗಿ ತಲೆ ಆಡಿಸಿದೆ.

ಮುಂದಿನ ಬಸ್ಸಿಗೆ ನಾನು, ಅವ್ವ. ಅವ್ವ ಕಿಟಕಿಯ ಪಕ್ಕ ಕೂತು ಸೂರ್ಯಕಾಂತಿ ಹೊಲಗಳನ್ನು ನೋಡುತ್ತ ಬಂದಳು. ನಾನು ಹೊಸ ಜಾಕೀಟಿನಲ್ಲಿ ಬೆವರುತ್ತ ಉಪಾಯ ಹುಡುಕುತ್ತ ಬಂದೆ. ರೋಣದ ಬಸ್ ನಿಲ್ದಾಣ ಬರುವಷ್ಟರಲ್ಲಿ ಒಂದು ಹೊಳೆಯಿತು. ಸಭೆಯಲ್ಲಿ ಹೆಂಗಸರ ಸಾಲು ಮುಂದಿರುತ್ತದೆ, ಅವ್ವನನ್ನು ಅಲ್ಲಿ ಕೂರಿಸಿ ನಾನು ಹಿಂದೆ ಬಾಗಿಲ ಬಳಿ ನಿಂತು ಕೂಗಿಬಿಡುವುದು. ಅಷ್ಟು ದೂರದಿಂದ ಕೂಗಿದ್ದು ಯಾರೆಂದು ಅವಳಿಗೇನು ಗೊತ್ತಾಗುತ್ತದೆ? ಆದರೆ ಒಳಗೆ ಹೋದ ಮೇಲೆ ಅವ್ವ ನನ್ನ ಜಾಕೀಟಿನ ತುದಿ ಬಿಡಲಿಲ್ಲ. ವೇದಿಕೆಯ ಮೇಲೆ ಕಟ್ಟಿದ ಬ್ಯಾನರ್ ಓದಿ ಹೇಳಲು ಪಕ್ಕದಲ್ಲಿ ಒಬ್ಬರು ಬೇಕು ಎಂದಳು. ಅವ್ವ ಶಾಲೆಯ ಮುಖ ನೋಡಿದವಳಲ್ಲ, ಬ್ಯಾಂಕಿನಲ್ಲೂ ಅವಳದು ಹೆಬ್ಬೆಟ್ಟು. ಹೀಗೆ ನಾಲ್ಕನೆಯ ಸಾಲಿನಲ್ಲಿ, ಅವ್ವನ ಭುಜಕ್ಕೆ ಭುಜ ತಾಗಿಸಿ ನಾನು ಕೂತೆ.

ಪದವೀಧರರು ಬಂದರು. ಎಲ್ಲರದೂ ಒಂದೇ ಕರಿ ಅಂಗಿ, ಒಂದೇ ಚೌಕದ ಟೋಪಿ. ನನ್ನ ಹೆಂಡತಿಯನ್ನು ಅವಳ ನಡಿಗೆಯಿಂದಲೇ ಗುರುತು ಹಿಡಿದೆ. ಟೋಪಿಯ ಕುಚ್ಚು ಅವಳ ಮೂಗಿಗೆ ಬಡಿಯುತ್ತಿತ್ತು, ಪಕ್ಕದ ಹುಡುಗಿ ಅದನ್ನು ಸರಿಸಿದಷ್ಟೂ ಮತ್ತೆ ಬರುತ್ತಿತ್ತು. ನನಗೆ ಕುಣಿಯಬೇಕು ಎನ್ನಿಸಿತು. ನನ್ನ ಎಡಕ್ಕೆ ಕೂತ ಅಪರಿಚಿತರಿಗೆ, ಅದೋ ಆ ಕುಚ್ಚಿನವರು ನಮ್ಮವರು ಎಂದೆ. ಅವರಿಗೆ ಎಲ್ಲರ ಟೋಪಿಗೂ ಕುಚ್ಚು ಕಾಣುತ್ತಿತ್ತು, ಪಾಪ.

ಅತಿಥಿಗಳು ಭಾಷಣಕ್ಕೆ ನಿಂತರು. ಕೊನೆಯದಾಗಿ ಎಂದು ಮೂರು ಸಲ ಹೇಳಿ ಮೂರು ಸಲವೂ ಮುಂದುವರಿಸಿದರು. ನನ್ನ ಸಿಟ್ಟು ನೆತ್ತಿಗೇರತೊಡಗಿತು. ಒಂದು ಲಾಭವೂ ಆಯಿತು, ಅವ್ವ ನಿದ್ದೆ ಹೋದಳು. ತಲೆ ನನ್ನ ಭುಜದ ಮೇಲೆ, ಬಾಯಿ ಅರೆ ತೆರೆದಿದೆ, ಸಣ್ಣಗೆ ಗೊರಕೆಯೂ ಇದೆ. ನನ್ನಷ್ಟು ಸುಖಿ ಆ ಸಭಾಂಗಣದಲ್ಲಿ ಇನ್ನೊಬ್ಬನಿರಲಿಲ್ಲ. ಇನ್ನು ನಾನು ಕೂಗಬಹುದು. ಭಾಷಣದ ಮೊದಲಿನಿಂದಲೇ ವಿಡಿಯೋಗೆ ಹಚ್ಚಿದ್ದ ಫೋನನ್ನು ಇನ್ನೂ ಎತ್ತಿ ಹಿಡಿದೆ. ಹೆಸರುಗಳನ್ನು ಕರೆಯತೊಡಗಿದರು. ಹುಡುಗಿಯರು ಕಿರುಚಿದರು, ಅಪ್ಪಂದಿರು ಸೀಟಿ ಹೊಡೆದರು. ನನ್ನ ಹೆಂಡತಿ ಮೆಟ್ಟಿಲ ಬಳಿ ಬಂದು ನಿಂತಳು. ನಾನು ಉಸಿರೆಳೆದುಕೊಂಡೆ.

ಮೈಕಿನಲ್ಲಿ ಹೆಸರು ಬಂತು. ದೊಡ್ಡ ದನಿಯಲ್ಲಿ, ಸ್ವಚ್ಛವಾಗಿ.

ನನ್ನ ಭುಜದ ಮೇಲಿನ ತಲೆ ಸಟ್ಟನೆ ಎದ್ದಿತು. ಅವ್ವ ಕಣ್ಣು ತೆರೆದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಎಲೆಅಡಿಕೆಯ ಚೀಲ ಎತ್ತಿಕೊಂಡು ನೆಟ್ಟಗೆ ಎದ್ದು ನಿಂತಳು. "ಬಂದೆ ನಿಂದರ್ರಿ," ಎಂದಳು, ನಾಲ್ಕು ಸಾಲಿಗೆ ಕೇಳುವಂತೆ.

ಸುತ್ತಲಿನವರು ನಕ್ಕರು. ನಾನು ಅವಳ ಕೈ ಹಿಡಿದು ಜಗ್ಗಿದೆ, ಕೂಡಲಿಲ್ಲ. ಅಪ್ಪ ಹೋದ ಮೇಲೆ ಮೊದಲ ಸಲ ಆ ಹೆಸರನ್ನು ಯಾರೋ ಕರೆದಿದ್ದರು, ಅದೂ ಮೈಕಿನಲ್ಲಿ. ಇನ್ನೇನು ಮಾಡಿಯಾಳು? ವೇದಿಕೆಯ ಮೆಟ್ಟಿಲ ಮೇಲೆ ನನ್ನ ಹೆಂಡತಿ ಅತ್ತೆ ಎದ್ದು ನಿಂತದ್ದನ್ನು ನೋಡಿದಳು. ನೋಡಿದವಳು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟಳು. ಅತ್ತೆ ನಿಂತಿರುವಾಗ ಮುಂದೆ ಹೋಗುವುದು ಅವಳ ರೂಢಿಯಲ್ಲೇ ಇಲ್ಲ. ಹೆಸರು ಯಾರದು ಎಂದು ಆ ಕ್ಷಣ ಅವಳಿಗೇ ಅನುಮಾನ ಬಂದಿತೋ ಏನೋ. ಪದವಿ ಪತ್ರ ಹಿಡಿದು ನಿಂತಿದ್ದ ಅತಿಥಿಗಳು ಅತ್ತಿತ್ತ ನೋಡಿದರು. ಹೆಸರು ಓದುವವರು, ಇವರು ಬಂದಿದ್ದಾರೆಯೇ ಎಂದು ಕೇಳಿ ಪಟ್ಟಿಯ ಮುಂದಿನ ಸಾಲಿಗೆ ಬೆರಳು ಸರಿಸಿದರು. ಈಗ ನಾನು ಕೂಗಬೇಕು. ನಾನು ಅವ್ವನ ಕೈಯನ್ನೇ ಜಗ್ಗುತ್ತಿದ್ದೆ.

ಅವ್ವ ವೇದಿಕೆಯನ್ನು ನೋಡಿದಳು. ಮೆಟ್ಟಿಲ ಮೇಲೆ ನಿಂತ ಸೊಸೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದದ್ದು ಮುಖದಲ್ಲೇ ಕಂಡಿತು.

"ಅಕೀನ ಕರಿಯಾಕತ್ತಾರ. ನೀ ಯಾಕ ಬಾಯಾಗ ಕಡಬ ಇಟ್ಕೊಂಡ ಕುಂತಿ?"

"ಅದು ನಿನ್ನ ಹೆಸರ ಬೇ," ಎಂದೆ, ಹುಡುಗನ ಹಾಗೆ.

"ಅಕೀದು. ಅವರಪ್ಪ ಸಾಲ್ಯಾಗ ಬರಿಸಿದ್ದು. ನಾನ ಕಸಗೊಂಡಿದ್ದೆ. ಕರಿ."

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಕರೆದೆ. ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಸಂತೆಯ ಗಂಟಲು ಬಂತು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಇಪ್ಪತ್ನಾಲ್ಕು ವರ್ಷ ಏ, ಕೇಳಿಲ್ಲಿ, ಎಲ್ಲಿದ್ದೀ ಎಂದು ಕರೆದದ್ದಕ್ಕೆಲ್ಲ ಸೇರಿಸಿ ಕರೆದೆ. ಕಾಲೇಜಿನ ಹುಡುಗಿಯರು ಅದನ್ನೇ ಹಿಡಿದುಕೊಂಡು ತಾಳ ಹಾಕುತ್ತ ಕೂಗಿದರು. ಇಡೀ ಸಭೆ ನನ್ನ ಹೆಂಡತಿಯ ಹೆಸರು ಹೇಳುತ್ತಿತ್ತು. ಅವಳು ಕರಿ ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಮೆಟ್ಟಿಲು ಹತ್ತಿದಳು. ಎರಡೂ ಕೈಯಿಂದ ಪದವಿ ತೆಗೆದುಕೊಂಡಳು. ಅಲ್ಲಿಯ ತನಕ ಅವ್ವ ನಿಂತೇ ಇದ್ದಳು, ಚೀಲವನ್ನು ಎದೆಗೆ ಅವುಚಿಕೊಂಡು. ನನಗೆ ಕಣ್ಣೀರು ಬಂತು. ಜಾಕೀಟು ಹಾಳಾದರೆ ಆಗಲಿ ಎಂದು ಒರೆಸಿಕೊಳ್ಳಲೂ ಇಲ್ಲ.

ವಿಡಿಯೋದ ಗತಿ ಹೇಳಬೇಕು. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಮೂವರೂ ನೋಡಿದೆವು. ಅದರಲ್ಲಿ ಅತಿಥಿಗಳ ಭಾಷಣ ಪೂರ್ತಿ ಇತ್ತು. ಹೆಂಡತಿಯ ಹೆಸರು ಕರೆದ ಮೇಲೆ ಒಂದು ತಿರುಗುವ ಫ್ಯಾನು, ಆಮೇಲೆ ನನ್ನ ಚಪ್ಪಲಿ, ಆಮೇಲೆ ಅವ್ವನ ಇಳಕಲ್ ಸೀರೆಯ ಬೆನ್ನು. ಅವಳ ಚಿತ್ರ ಒಂದೂ ಇಲ್ಲ. ನನ್ನ ಕೂಗು ಮಾತ್ರ ಇದೆ. ಮಗಳಿಗೆ ಕಳಿಸಿದೆ, ಅವಳು ಫೋನಿನಲ್ಲೇ ನನ್ನನ್ನು ಬೈದಳು. ಹೆಂಡತಿ ಮಾತ್ರ ವಾಪಸ್ ಬರುವ ಬಸ್ಸಿನಲ್ಲಿ ಆ ಫ್ಯಾನನ್ನೂ ಚಪ್ಪಲಿಯನ್ನೂ ಕಿವಿಗೆ ಹಚ್ಚಿಕೊಂಡು ಎಷ್ಟು ಸಲ ಕೇಳಿದಳೋ ನಾನು ಎಣಿಸಲಿಲ್ಲ.

ಮನೆ ಮುಟ್ಟಿದಾಗ ಸಂಜೆ. ಅವ್ವ ನಮ್ಮಿಬ್ಬರನ್ನೂ ಹೊಸ್ತಿಲ ಹೊರಗೇ ನಿಲ್ಲಿಸಿ ತಾನೊಬ್ಬಳೇ ಒಳಗೆ ಹೋದಳು. ಆರತಿ ತರುತ್ತಾಳೆ ಎಂದುಕೊಂಡೆ. ಆರತಿ ತಂದಳು, ಬೆಳಗಿದಳು. ಪಡಸಾಲೆಗೆ ಬಂದಾಗ ನೋಡುತ್ತೇನೆ, ನಡುವೆ ಅದೇ ಹಿತ್ತಾಳೆಯ ಪರಾತ. ಅದರ ತುಂಬ ಅಕ್ಕಿ ಹರವಿದ್ದಾಳೆ.

"ಬರಿ," ಎಂದಳು ನನಗೆ. "ಈ ಸಲ ಅಕೀದ ಬರಿ."

ನಾನು ಉಂಗುರ ಬಿಚ್ಚಿದೆ. ಬಗ್ಗುವಷ್ಟರಲ್ಲಿ ಹೆಂಡತಿ ಕೈ ಚಾಚಿದಳು. ಉಂಗುರ ಅವಳ ಕೈಗೆ ಹೋಯಿತು. ಅವಳು ನೆಲದ ಮೇಲೆ ಕೂತು, ಟೋಪಿಯ ಗುರುತು ಇನ್ನೂ ಹಣೆಯ ಮೇಲಿರುವಾಗ, ಅಕ್ಕಿಯಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಮುಂದೆ ಒಂದಿಷ್ಟು ಜಾಗ ಬಿಟ್ಟು ಬಿ.ಎ. ಎಂದೂ ಬರೆದಳು. ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ ಆದರೂ ಜೋರಾಗಿಯೇ ತಟ್ಟಿದೆ.

ಅವ್ವ ಪರಾತದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಅಕ್ಕಿಗೆ ತಾಗದಂತೆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ನಂದೂ ಹಿಂಗ ಇರತೈತೇನು?"

"ಇದ ನಿಮ್ಮದೂ ರೀ, ಅತ್ತಿ. ಕಡೀಕಿನ ಎರಡ ಅಕ್ಷರ ಅಷ್ಟ ನಂದು," ಎಂದಳು ಹೆಂಡತಿ.

ಅವ್ವ ಬಿಡಲಿಲ್ಲ. "ಮೂರ ವರ್ಷ ರೊಟ್ಟಿ ಬಡದೇನಿ. ಅದರಾಗ ಒಂದ ಅಕ್ಷರ ನನಗ ಬರಬೇಕು," ಎಂದಳು. ನಾವಿಬ್ಬರೂ ನಕ್ಕು ಮುಗಿಸುವ ತನಕ ಕಾದಳು. ಆಮೇಲೆ ಕೂತು, ಅಂಗೈಯಿಂದ ಪರಾತದ ಅಕ್ಕಿಯನ್ನೆಲ್ಲ ನಿಧಾನ ಸಪಾಟು ಮಾಡಿ, ಉಂಗುರಕ್ಕಾಗಿ ಸೊಸೆಯ ಮುಂದೆ ಕೈ ಒಡ್ಡಿದಳು.

"ಮೊದಲಿನ ಅಕ್ಷರ ಯಾವದು, ತೋರಸು," ಎಂದಳು.